ಹಸಿದ ಬೆಂಕಿಯ ಮಣಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಹಾಲಮ್ಮನವರು. ಶ್ರಾವಣದ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಹೂಬತ್ತಿ ಹೊಸೆಯುತ್ತ ಹೇಳಿದರು. ಅವರು ಹೇಳಿದ ಹಾಗೆಯೇ ಹೇಳಲು ನೋಡುತ್ತೇನೆ.

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಹೊಳೆಗೆ ಮುಖ ಮಾಡಿದ ಒಂದು ಚಪ್ಪರ.

ಅಲ್ಲಿಯ ಗುರು ಒಬ್ಬ ಮುದುಕಿ. ಹೆಸರು ಶಿವಗಂಗವ್ವ. ಎಲ್ಲರೂ ಅವ್ವ ಎನ್ನುತ್ತಿದ್ದರು.

ಅವ್ವ ಗಾಜಿನ ಮಣಿ ಮಾಡುತ್ತಿದ್ದರು. ಒಂದು ಚಿಕ್ಕ ಗ್ಯಾಸ್ ಸಿಲಿಂಡರ್, ಅದರ ತಲೆಗೆ ತಿರುಪಿದ ಹಿತ್ತಾಳೆಯ ಬರ್ನರ್, ಮಣ್ಣಿನ ಲೇಪ ಹಚ್ಚಿದ ಕಬ್ಬಿಣದ ಕಡ್ಡಿಗಳು, ಬಿಸಿ ಬೂದಿ ತುಂಬಿದ ಮಡಕೆ. ಅವರ ಸಾಮಾನು ಇಷ್ಟೇ.

ಗಾಜಿನ ಸಲಾಕೆಯನ್ನು ಉರಿಯಲ್ಲಿ ಕರಗಿಸಿ, ಕಡ್ಡಿಯ ತುದಿಗೆ ಜೇನಿನ ಹಾಗೆ ಸುತ್ತಿ, ತಿರುಗಿಸುತ್ತ ತಿರುಗಿಸುತ್ತ ದುಂಡಗೆ ಮಾಡುವರು. ಆಮೇಲೆ ಬೂದಿಯಲ್ಲಿ ಹುದುಗಿಸಿ ನಿಧಾನವಾಗಿ ಆರಲು ಬಿಡುವರು. ಮಣಿಯ ಮೇಲೆ ಅವರ ಕಣ್ಣು ನೆಟ್ಟಿರುವಾಗ ಹೊಳೆಯೂ ಸಪ್ಪಳ ಮಾಡದೆ ಹರಿಯುತ್ತಿತ್ತೆಂದು ನಮ್ಮತ್ತೆ ಹೇಳುತ್ತಿದ್ದರು.

ಆ ಆಶ್ರಮದಲ್ಲಿ ಒಂದು ಪದ್ಧತಿ. ಶಿಷ್ಯನಾಗಿ ಬಂದವನು ತನ್ನ ಜಪಸರದ ಮೇರು ಮಣಿಯನ್ನು, ಎಂದರೆ ಸರದ ಎರಡು ತುದಿ ಕೂಡುವಲ್ಲಿಯ ದೊಡ್ಡ ಮಣಿಯನ್ನು, ತಾನೇ ಮಾಡಬೇಕು. ಉಳಿದ ಸರವೆಲ್ಲ ರುದ್ರಾಕ್ಷಿ. ಮೇರು ಮಾತ್ರ ಗಾಜು.

ಅದಕ್ಕೆ ಅವ್ವ ಬೆಳ್ಳಿ ಬೆರೆತ ಗಾಜನ್ನು ಕೊಡುತ್ತಿದ್ದರು. ನೋಡಲು ಬೆಲ್ಲದ ಬಣ್ಣ, ಏನೂ ವಿಶೇಷವಿಲ್ಲ. ಆದರೆ ಕೊನೆಯಲ್ಲಿ ಉರಿಯ ಹದ ತಿಳಿದು ಆಡಿಸಿದರೆ ಒಳಗಿನ ಬೆಳ್ಳಿ ಮೇಲಕ್ಕೆ ಬಂದು, ಮಣಿಯ ಮೈಯೆಲ್ಲ ಪಾರಿವಾಳದ ಕೊರಳಿನ ಹಾಗೆ ಮಿನುಗುತ್ತಿತ್ತು.

ಆ ಮಿನುಗು ಬಂದ ದಿನ ಅವ್ವ ಮಣಿಯನ್ನು ತಮ್ಮ ಕೈಯಿಂದ ಪೋಣಿಸಿ, ಸರ ಕಟ್ಟಿ, ಕಿವಿಯಲ್ಲಿ ಮಂತ್ರ ಹೇಳುವರು. ಅಲ್ಲಿಯ ತನಕ ಮಂತ್ರವಿಲ್ಲ.

ಪಂಪಯ್ಯನೆಂಬ ಶಿಷ್ಯನೊಬ್ಬ ಹೊಳೆಯಾಚೆಯ ಊರಿನಿಂದ ಬಂದಿದ್ದ. ಅವರದು ಗುಡಿಯ ದೀಪದ ಸೇವೆಯ ಮನೆತನ. ದೀಪದ ಕುಡಿ ನೆಟ್ಟಗೆ ನಿಲ್ಲಬೇಕು. ಹೊಗೆಯಾಡಬಾರದು. ದೇವರ ಹಣೆಗೆ ಮಸಿ ಹತ್ತಿದರೆ ಅದು ದೀಪದವನ ತಪ್ಪು. ಪಂಪಯ್ಯ ಹೆಜ್ಜೆ ಹಾಕುವ ಮೊದಲೇ ಬತ್ತಿಯ ಕರಕು ಚಿವುಟಲು ಕಲಿತವನೆಂದು ಊರಲ್ಲಿ ನಗುತ್ತಿದ್ದರು.

ಅವನನ್ನು ಆಶ್ರಮಕ್ಕೆ ಬಿಡುವಾಗ ಅಣ್ಣ ರುದ್ರಯ್ಯ ಒಂದೇ ಮಾತು ಹೇಳಿದ್ದ.

"ಕಾರ್ತಿಕಕ್ಕ ನಾ ಬರ್ತೀನಿ. ಅವ್ವ ಸರ ಕಟ್ಟಿದ್ದರ ಇಲ್ಲೇ ಇರು, ಬ್ಯಾಡ ಅನ್ನಂಗಿಲ್ಲ. ಕಟ್ಟಿಲ್ಲ ಅಂದ್ರ ಮಂತ್ರದ ಆಸೆ ಬಿಟ್ಟು ಮನಿಗೆ ಬಾ. ಗುಡಿಗೆ ಕೈ ಬೇಕು."

ಪಂಪಯ್ಯ ಒಪ್ಪಿಕೊಂಡಿದ್ದ. ಮಂತ್ರ ಪಡೆಯಬೇಕೆಂಬುದು ಅವನಿಗೆ ಚಿಕ್ಕಂದಿನ ಆಸೆ. ಗುಡಿಯಲ್ಲಿ ದೀಪ ಹಿಡಿದು ನಿಂತಾಗಲೆಲ್ಲ, ಒಳಗೆ ಕೂತು ಜಪ ಮಾಡುವವರ ತುಟಿಗಳನ್ನು ನೋಡುತ್ತ ಬೆಳೆದವನು ಅವನು.

ಈಗ ಕಾರ್ತಿಕ ಹತ್ತಿರ ಬಂದಿತ್ತು. ಬೆಳ್ಳಿ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಪಂಪಯ್ಯ ಹೊಸ ಮಣಿ ಹಿಡಿದುಕೊಂಡು ಅವ್ವನ ಮುಂದೆ ನಿಂತ.

ಅವ್ವ ಅದನ್ನು ಬೆಳಕಿಗೆ ಹಿಡಿದರು. ಗುಳ್ಳೆಯಿಲ್ಲ, ಸೊಟ್ಟವಿಲ್ಲ. ಹೊಳೆಯ ಕಲ್ಲಿನಷ್ಟು ನುಣುಪು.

"ಎಂಥಾ ದುಂಡಗ ಮಾಡೀಯೋ ತಮ್ಮಾ! ಈ ಚಪ್ಪರದಾಗ ಇಷ್ಟು ಸ್ವಚ್ಛ ಉರಿ ಯಾರೂ ಹಚ್ಚಿಲ್ಲ, ನಾನೂ ಹಚ್ಚಿಲ್ಲ. ಬೆಳ್ಳಿ ಎಲ್ಲೈತಿ?"

"ಒಳಗ ಐತವ್ವಾ."

"ಯಾರಿಗೆ ಗೊತ್ತು?"

"ನನಗ ಗೊತ್ತು."

"ನಿನಗ ಗೊತ್ತಿದ್ದರ ಸಾಕಾಗಿತ್ತಲ್ಲ. ನನಗ ಯಾಕ ತೋರಸಾಕ ಬಂದಿ?"

ಪಂಪಯ್ಯ ಮಣಿ ತೆಗೆದುಕೊಂಡು ಚಪ್ಪರಕ್ಕೆ ಹಿಂತಿರುಗಿದ.

ಅಲ್ಲಿ ಗಾದಿಲಿಂಗ ಕೂತಿದ್ದ. ಅವನೂ ಶಿಷ್ಯನೇ, ಕುಂಬಾರರ ಮನೆಯವನು. ಪಂಪಯ್ಯನಿಗಿಂತ ಆಮೇಲೆ ಬಂದವನು, ಮೊದಲೇ ಮೇರು ಮಣಿ ಮಾಡಿ ಮುಗಿಸಿದ್ದ. ಅವನ ಕೊರಳಲ್ಲಿ ಸರವಿತ್ತು.

"ಏನೋ ಪಂಪಯ್ಯ, ಇದು ಮೇರು ಮಣಿನೋ, ಬೆಲ್ಲದ ಉಂಡಿನೋ? ಇರುವಿ ಮುತ್ತ್ಯಾವು, ನೋಡಿಕೋ."

"ನಗಬ್ಯಾಡ."

"ನಗಾಂಗಿಲ್ಲ ಬಿಡು. ಬಳಿ ಎಳಿಯೋ ಅಂದ್ರ ಎಳಿಯಂಗಿಲ್ಲ ನೀನು."

ಆ ಬರ್ನರಿನ ಕೊರಳಲ್ಲಿ ಗಾಳಿ ಹೋಗಲು ತೂತುಗಳಿದ್ದವು. ತೂತುಗಳ ಮೇಲೆ ಹಿಂದೆ ಮುಂದೆ ಸರಿಯುವ ಒಂದು ಹಿತ್ತಾಳೆಯ ಬಳೆ. ಬಳೆ ತೆರೆದಿದ್ದರೆ ಉರಿ ನೀಲಿಯಾಗಿ, ಚೂಪಾಗಿ, ಸ್ವಚ್ಛವಾಗಿ ನಿಲ್ಲುತ್ತಿತ್ತು. ಬಳೆ ಎಳೆದು ಗಾಳಿ ಕಡಿಮೆ ಮಾಡಿದರೆ ಉರಿ ಹಳದಿಯಾಗಿ, ಅಗಲವಾಗಿ, ತೂಗಾಡಿ ತುದಿಯಲ್ಲಿ ಹೊಗೆ ಬಿಡುತ್ತಿತ್ತು.

ಮಣಿ ದುಂಡಾದ ಮೇಲೆ, ಅದರ ಕೆಂಪು ಆರಿದ ಮೇಲೆ, ಒಂದಿಷ್ಟು ಹೊತ್ತು ಆ ಹಳದಿ ಉರಿಯಲ್ಲಿ ಆಡಿಸಬೇಕು. ಆಗ ಬೆಳ್ಳಿ ಏಳುತ್ತದೆ. ಇದು ಪಂಪಯ್ಯನಿಗೆ ಗೊತ್ತಿಲ್ಲದ್ದೇನಲ್ಲ. ಅವ್ವ ಮೊದಲ ದಿನವೇ ಮಾಡಿ ತೋರಿಸಿದ್ದರು.

ಆದರೆ ಅವನ ಕೈ ಬಳೆಯ ಹತ್ತಿರ ಹೋಗುತ್ತಿತ್ತು. ಉರಿ ಸ್ವಲ್ಪ ಹಳದಿಗೆ ತಿರುಗಿತೋ ಇಲ್ಲವೋ, ಬೆರಳು ತಾನಾಗಿಯೇ ಬಳೆಯನ್ನು ಹಿಂದಕ್ಕೆ ಸರಿಸುತ್ತಿತ್ತು.

"ಹೊಗಿ ಬರ್ತೈತಲ್ಲೋ," ಎಂದ ಪಂಪಯ್ಯ.

"ಬರ್ಲಿ! ನಮ್ಮಪ್ಪ ಗಡಿಗಿ ಸುಡೋ ಆವಿಗಿ ಬಾಯಿ ಮುಚ್ಚಿ ಹೊಗಿ ಕೂಡಿ ಹಾಕ್ತಾನ. ಇಲ್ಲಂದ್ರ ಕರಿ ಗಡಿಗಿ ಎಲ್ಲಿಂದ ಬರಬೇಕು? ನೀವು ದೀಪದವರು ಹೊಗಿ ಕಂಡರ ಹಾವು ಕಂಡಂಗ ಮಾಡ್ತೀರಿ."

"ನಿನ್ನ ಮೊದಲನೇ ಮಣಿಗಳು ಏನಾಗಿದ್ದವು ಹೇಳಲೇನು? ಬೂದಿ ಬಳಕೊಂಡ ಹಂಗ ಇದ್ದವು."

"ಅದು ಬ್ಯಾರೆ ಮಾತು," ಎಂದ ಗಾದಿಲಿಂಗ. "ನಾ ಆಸೆಬುರುಕ. ಬೆಳ್ಳಿ ಬಂತು ಅಂತ ಖುಷಿಯಾಗಿ ಇನ್ನಷ್ಟು ಬರ್ಲಿ ಅಂತ ಹಿಡಿದೆ, ಎಲ್ಲಾ ಕೆಟ್ಟು ಹೋತು. ನಿಂದು ಹಂಗಲ್ಲ. ನೀನು ಉಪವಾಸ ಮಲಗಾಂವ."

ಆ ಸಂಜೆ ಪಂಪಯ್ಯ ಅವ್ವನ ಕಾಲ ಬಳಿ ಕೂತು ಕೇಳಿಯೇಬಿಟ್ಟ.

"ಅವ್ವಾ, ಒಳ್ಳೆ ಉರಿ ಮುಚ್ಚಿಟ್ಟಿದ್ದನ್ನ ಕೆಟ್ಟ ಉರಿ ಹ್ಯಾಂಗ ತೋರಸ್ತೈತಿ?"

ಅವ್ವ ಅಡುಗೆಮನೆಯ ಕಡೆ ನೋಡಿದರು.

"ನಾಳೆ ಒಲಿ ಹಚ್ಚಬ್ಯಾಡ್ರಿ," ಎಂದರು. ಇಷ್ಟೇ ಉತ್ತರ.

ಮರುದಿನ ಒಲೆ ಹತ್ತಲಿಲ್ಲ. ಹೊತ್ತು ಏರಿತು. ಗಾದಿಲಿಂಗ ಹೊಳೆಯ ನೀರು ಕುಡಿದು ಬಂದು ಹೊಟ್ಟೆ ಬಡಿದು ತೋರಿಸಿದ.

"ಕೇಳು, ಕೊಡ ತುಂಬಿದ ಸಪ್ಪಳ."

ಪಂಪಯ್ಯ ನಗಲಿಲ್ಲ. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಅವನು ಅಡುಗೆಮನೆಯೊಳಗಿದ್ದ. ರೊಟ್ಟಿ ಬುಟ್ಟಿ ನೋಡಿದ. ಹಿಟ್ಟಿನ ಡಬ್ಬಿ ನೋಡಿದ. ಕೊನೆಗೆ ತಾನು ದಿನಾ ಮಲಗುವ ಕೋಣೆಗೆ ಬಂದು, ತಲೆಯ ಮೇಲಿನ ಹಲಗೆಯಲ್ಲಿದ್ದ ಗಡಿಗೆಗಳನ್ನು ಒಂದೊಂದಾಗಿ ಇಳಿಸಿದ. ಒಂದರ ಮುಚ್ಚಳ ಜಾರಿ ನೆಲಕ್ಕೆ ಬಿದ್ದು ಠಣಾರ್ ಎಂದಿತು.

ಕೊನೆಯ ಗಡಿಗೆಯಲ್ಲಿ ಶೇಂಗಾದ ಉಂಡಿಗಳಿದ್ದವು.

ತಲೆಯೆತ್ತಿದರೆ ಬಾಗಿಲಲ್ಲಿ ಅವ್ವ.

"ಆ ಗಡಿಗಿ ಅಲ್ಲಿ ಯಾವಾಗಿನಿಂದ ಐತಿ?"

"ನಾ ಬಂದಾಗಿನಿಂದ ಐತವ್ವಾ."

"ದಿನಾ ಅದರ ಕೆಳಗ ಮಲಗ್ತಿದ್ದಿ. ಒಳಗ ಏನೈತಿ ಅಂತ ಇವತ್ತ್ಯಾಕ ನೋಡಿದಿ?"

"ಹಸಿವಾಗಿತ್ತು."

ಅವ್ವ ಒಳಗೆ ಬಂದು ಒಂದು ಉಂಡಿ ಮುರಿದು ಅರ್ಧ ಅವನ ಬಾಯಿಗೆ ಹಾಕಿದರು.

"ಹೊಟ್ಟಿ ತುಂಬ ಗಾಳಿ ಸಿಕ್ಕ ಉರಿ ಗಾಜಿನ ಕಡೆ ತಿರುಗಿ ನೋಡಂಗಿಲ್ಲ ತಮ್ಮಾ. ಗಾಳಿಗೆ ಹಸಿದ ಉರಿ ಗಾಜಿನೊಳಗ ಕೈ ಹಾಕ್ತೈತಿ. ಅಲ್ಲಿದ್ದ ಉಸಿರು ಕಸಗೊಂತೈತಿ. ಆಗ ಬೆಳ್ಳಿ ಮ್ಯಾಲ ಬಂದು ಕೂಡ್ತೈತಿ."

"ಮತ್ತ ಹೊಗಿ?"

"ಈಗ ನೀ ಗಡಿಗಿ ಮುಚ್ಚಳ ಕೆಡವಿದೆಲ್ಲ, ಹಂಗ. ಹಸಿದಾಂವ ತಡಕಾಡುವಾಗ ಸಪ್ಪಳ ಆಗದ ಇರ್ತೈತೇನು?"

ಹೊರಗಿನಿಂದ ಗಾದಿಲಿಂಗನ ದನಿ ಬಂತು. "ಅವ್ವಾ, ಉಂಡಿ ಎಷ್ಟು ಅದಾವ?"

"ಆ ಆಸೆಬುರುಕನ ಹಂಗ ಗಡಿಗಿನೂ ನೆಕ್ಕಬ್ಯಾಡ," ಎಂದರು ಅವ್ವ ಪಂಪಯ್ಯನಿಗೆ ಮೆಲ್ಲಗೆ. "ಮಣ್ಣು ಬಾಯಿಗೆ ಬರ್ತೈತಿ."

ಕಾರ್ತಿಕ ಇನ್ನೇನು ಹುಟ್ಟಬೇಕು. ಪಂಪಯ್ಯ ಮಿಂದು, ವಿಭೂತಿ ಧರಿಸಿ ಬರ್ನರಿನ ಮುಂದೆ ಕೂತ.

ಗಾಜು ಕರಗಿತು. ಮಣಿ ಸುತ್ತಿಕೊಂಡಿತು. ದುಂಡಾಯಿತು. ಅವನ ನೀಲಿ ಉರಿಯಲ್ಲಿ ಅದು ಮುಳುಗುವ ಸೂರ್ಯನ ಹಾಗೆ ಕೆಂಪಗಿತ್ತು. ಹೊರಗೆ ತೆಗೆದ. ಕೆಂಪು ಆರಿತು.

ಕೈ ಬಳೆಯ ಮೇಲೆ ಹೋಯಿತು. ಎಳೆದ.

ಉರಿ ಹಳದಿಯಾಯಿತು. ತೂಗಾಡಿತು. ತುದಿಯಿಂದ ಕರಿಯ ಎಳೆಯೊಂದು ಎದ್ದಿತು. ದೇವರಿಗೆ ಮಸಿ ಹತ್ತಿದ ದಿನ ಗರ್ಭಗುಡಿಯ ಕಲ್ಲಿಗೆ ತಲೆ ಒತ್ತಿ ಕ್ಷಮೆ ಕೇಳುತ್ತಿದ್ದ ಅಜ್ಜ ಪಂಪಯ್ಯನ ಕಣ್ಣ ಮುಂದೆ ಬಂದ. ಆದರೂ ಬಿಡಲಿಲ್ಲ. ಮಣಿಯನ್ನು ಆ ಉರಿಯೊಳಗೆ ಇಳಿಸಿ ತಿರುಗಿಸಿದ.

ಮತ್ತು ಅದು ಬಂತು.

ಮೊದಲು ಅಂಚಿನಲ್ಲಿ ಒಂದು ಮಸುಕು. ಆಮೇಲೆ ನೀಲಿ, ನೀಲಿಯ ಮೇಲೆ ನೇರಳೆ, ನೇರಳೆಯ ಮೇಲೆ ಬೆಳ್ಳಿ. ಬೆಲ್ಲದ ಬಣ್ಣದ ಗಾಜು ಎಲ್ಲಿ ಹೋಯಿತೋ. ಇಷ್ಟು ದಿನ ಇದೆಲ್ಲ ಇದರೊಳಗೇ ಇತ್ತೇ!

ಮಣಿಯನ್ನು ಉರಿಯಿಂದ ತೆಗೆದ. ಆಗ ಕಂಡಿತು: ಮಣಿಯ ಒಂದು ಪಕ್ಕಕ್ಕೆ ಸಾಸಿವೆಯಷ್ಟು ಮಸಿ.

ಇದು ಅವ್ವ ಮುಟ್ಟುವ ಮಣಿ. ಮಂತ್ರ ಸೇರುವ ಮಣಿ. ಮಸಿ ಇರಬಹುದೇ?

ಕೈ ಯೋಚಿಸಲಿಲ್ಲ. ಬಳೆ ತೆರೆಯಿತು. ಉರಿ ನೀಲಿಯಾಗಿ ನೆಟ್ಟಗೆ ನಿಂತಿತು. ಒಂದೇ ಒಂದು ಸಲ, ಶುದ್ಧ ಮಾಡಲೆಂದು, ಪಂಪಯ್ಯ ಮಣಿಯನ್ನು ಅದರಲ್ಲಿ ಹಾಯಿಸಿದ.

ಮಸಿ ಹೋಯಿತು. ಬೆಳ್ಳಿಯೂ ಹೋಯಿತು. ಕಡ್ಡಿಯ ತುದಿಯಲ್ಲಿ ಬೆಲ್ಲದ ಬಣ್ಣದ ಮಣಿಯೊಂದು ಕೂತಿತ್ತು.

ಗಾದಿಲಿಂಗ ಎಲ್ಲವನ್ನೂ ನೋಡಿದ್ದ.

ಅವ್ವ ಬಂದರು.

"ಬಂದಿತ್ತೇನು?"

"ಬಂದಿತ್ತವ್ವಾ."

"ಎಲ್ಲಿ ಹೋತು?"

"ತೊಳದೆ."

"ಯಾಕ?"

"ಮಸಿ ಹತ್ತಿತ್ತು."

"ಮಸಿ ಹೋತೇನು?"

"ಹೋತು."

"ಚಲೋ ಆತು," ಎಂದರು ಅವ್ವ. "ಮಸಿ ಇಲ್ಲದ ಮಣಿ ಬೇಕಾಗಿತ್ತು, ಸಿಕ್ತು." ತಿರುಗಿ ಒಳಗೆ ಹೋದರು.

ಪಂಪಯ್ಯನಿಗೆ ಬಳೆಯನ್ನು ಮತ್ತೆ ಎಳೆಯುವ ಧೈರ್ಯ ಬರಲಿಲ್ಲ.

ಅಂದೇ ಸಂಜೆ ಹರಿಗೋಲಿನಲ್ಲಿ ರುದ್ರಯ್ಯ ಬಂದಿಳಿದ. ಹೆಗಲ ಮೇಲೆ ಚೀಲ, ಕೈಯಲ್ಲಿ ಅವ್ವನಿಗೆಂದು ತಂದ ಎಣ್ಣೆಯ ಡಬ್ಬಿ. ಅವ್ವನಿಗೆ ಅಡ್ಡಬಿದ್ದು ಎದ್ದ. ತಮ್ಮನ ಬರಿಯ ಕೊರಳು ನೋಡಿದ.

"ಆಗಲಿಲ್ಲೇನೋ?"

"ಇಲ್ಲಣ್ಣಾ."

ರುದ್ರಯ್ಯ ಗೆದ್ದವನ ಹಾಗೆ ನಗಲಿಲ್ಲ. ತಮ್ಮನ ಬೆನ್ನ ಮೇಲೆ ಕೈಯಿಟ್ಟ.

"ಇರ್ಲಿ ಬಿಡು. ಎಲ್ಲಾರಿಗೂ ಎಲ್ಲಾ ಬರಂಗಿಲ್ಲ. ಗಂಟು ಕಟ್ಟು."

"ಮಣಿ ಆರೋ ತನಕ ಕೂಡು ರುದ್ರಯ್ಯ," ಎಂದರು ಅವ್ವ.

"ಯಾವ ಮಣಿ ಅವ್ವಾ?"

"ಇನ್ನೂ ಮಾಡಿಲ್ಲ."

ರುದ್ರಯ್ಯ ತಬ್ಬಿಬ್ಬಾಗಿ ಕೂತ. ಪಂಪಯ್ಯ ಅವ್ವನ ಮುಖ ನೋಡಿದ. ಅವರು ಹೊಳೆಯನ್ನು ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಅವನು ಬರ್ನರಿನ ಮುಂದೆ ಕೂತ.

ಇದು ಕೊನೆಯ ಮಣಿ. ಇದು ಬಾರದಿದ್ದರೆ ಗಂಟು ಕಟ್ಟುವುದೇ.

ಅಣ್ಣ ಪಕ್ಕದಲ್ಲೇ ಕೂತು ನೋಡುತ್ತಿದ್ದ. ನೀಲಿ ಉರಿ ಏಳುತ್ತಲೇ ಅವನ ಮುಖ ಅರಳಿತು.

"ನೋಡ್ರಿ ಅವ್ವಾ, ಕುಡಿ ನಿಂತದ್ದು ನೋಡ್ರಿ! ನಮ್ಮ ಅಜ್ಜನ ಕೈ."

"ಹೌದಪ್ಪ," ಎಂದರು ಅವ್ವ. "ಹೊಗಳಿದಷ್ಟೂ ಕಡಿಮಿನೇ."

ಮಣಿ ದುಂಡಾಯಿತು. ಕೆಂಪು ಆರಿತು. ಪಂಪಯ್ಯ ಬಳೆಯನ್ನು ಎಳೆದ.

ಉರಿ ಹಳದಿಯಾಗಿ ತೂಗಾಡಿದ್ದೇ ತಡ, ರುದ್ರಯ್ಯ ಕೂತಲ್ಲಿಂದ ಎದ್ದುಬಿಟ್ಟ.

"ಏ ಪಂಪಾ! ಹೊಗಿಯಾಡಾಕತ್ತೈತಿ! ಗಾಳಿ ಬಿಡೋ, ಗಾಳಿ ಬಿಡು!"

ಅಷ್ಟು ಹೇಳಿ ಸುಮ್ಮನಿರಲಿಲ್ಲ. ಜೀವಮಾನವೆಲ್ಲ ದೀಪ ಸರಿಪಡಿಸಿದ ಕೈ ಅದು. ಬಳೆಯ ಕಡೆ ತಾನೇ ಚಾಚಿತು.

ಪಂಪಯ್ಯ ಆ ಕೈಯನ್ನು ನೋಡಿದ. ತನ್ನದೇ ಕೈಯನ್ನು ಬೇರೆಯವರ ಮೈಯಲ್ಲಿ ನೋಡಿದ ಹಾಗಿತ್ತು.

"ಮುಟ್ಟಬ್ಯಾಡಣ್ಣಾ."

ಅಣ್ಣನಿಗೆ ಅವನು ಹಾಗೆ ಎಂದೂ ಹೇಳಿರಲಿಲ್ಲ. ರುದ್ರಯ್ಯನ ಕೈ ಗಾಳಿಯಲ್ಲೇ ನಿಂತಿತು.

"ಮಸಿ ಹತ್ತತೈತೋ ತಮ್ಮಾ..."

"ಹತ್ತಲಿ."

ಪಂಪಯ್ಯ ಮಣಿಯನ್ನು ಹಸಿದ ಉರಿಯೊಳಗೆ ತಿರುಗಿಸಿದ. ಅಂಚಿನಲ್ಲಿ ಮಸುಕು ಎದ್ದಿತು. ನೀಲಿ ಬಂತು. ನೇರಳೆ ಬಂತು. ಬೆಳ್ಳಿ ಮಣಿಯ ಹೊಟ್ಟೆಯ ಸುತ್ತ ಹರಡಿಕೊಂಡಿತು. ಇನ್ನಷ್ಟು ಬರಲಿ ಎಂದು ಮನಸ್ಸು ಎಳೆಯಿತು. ಗಾದಿಲಿಂಗ ಮೆಲ್ಲಗೆ ಕೆಮ್ಮಿದ.

ಸಾಕು ಎಂದು ಪಂಪಯ್ಯ ಮಣಿಯನ್ನು ಈಚೆ ತೆಗೆದ.

ಮಣಿಯ ಮೇಲೆ ಮಸಿಯಿತ್ತು. ಸಾಸಿವೆಯಷ್ಟಲ್ಲ, ಹೆಬ್ಬೆರಳು ಒತ್ತಿದಷ್ಟು. ಬರ್ನರಿನ ಕಡೆ ಅವನ ಕಣ್ಣು ಹೋಯಿತು. ಕೈ ಹೋಗಲಿಲ್ಲ. ಮಸಿಯ ಸಮೇತ ಮಣಿಯನ್ನು ಬೂದಿಯಲ್ಲಿ ಹುದುಗಿಸಿದ.

ಬೆಳಗಾಯಿತು. ಬೂದಿ ತಣ್ಣಗಾಗಿತ್ತು. ಅವ್ವ ತಾವೇ ಕೈ ಹಾಕಿ ಮಣಿ ತೆಗೆದರು. ನೀರಲ್ಲಿ ಅದ್ದಿ ಕಡ್ಡಿಯಿಂದ ಬಿಡಿಸಿದರು. ಸೆರಗಿನ ತುದಿಯಿಂದ ಒಮ್ಮೆ ಒರೆಸಿದರು.

ಮಸಿ ಸೆರಗಿಗೆ ಬಂತು. ಬೆಳ್ಳಿ ಮಣಿಯಲ್ಲೇ ಉಳಿಯಿತು.

"ಬಟ್ಟಿಗೆ ಹೋಗೋ ಮಸಿ," ಎಂದರು ಅವ್ವ. "ಅದಕ್ಕ ಬೆಂಕಿ ಹಚ್ಚಾಕ ಹೋಗಿದ್ದೆಲ್ಲ!"

ಪಂಪಯ್ಯ ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿತು.

ರುದ್ರಯ್ಯ ಮಣಿಯನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿಲಿಗೆ ತಿರುಗಿಸಿದ. ಒಂದು ಕಡೆ ನವಿಲು, ಒಂದು ಕಡೆ ಹುಣ್ಣಿಮೆಯ ಹೊಳೆ.

"ಇದು ನಮ್ಮ ಪಂಪ ಮಾಡಿದ್ದೇನು?"

"ನೀನೇ ನೋಡಿದೆಲ್ಲಪ್ಪ. ಕೆಡಸಾಕನೂ ಹೋಗಿದ್ದಿ," ಎಂದ ಗಾದಿಲಿಂಗ.

ಅವ್ವ ಸೆರಗಿನ ಮಸಿಗೆ ಬೆರಳು ಒತ್ತಿ ಪಂಪಯ್ಯನ ಕೆನ್ನೆಗೆ ಒಂದು ಬೊಟ್ಟಿಟ್ಟರು.

"ಇಂಥಾ ಮಣಿ ಮಾಡಿದಾಂವಗ ದೃಷ್ಟಿ ಆಗಬಾರದು."

ಆಮೇಲೆ ಮಣಿ ಪೋಣಿಸಿದರು. ಸರ ಕಟ್ಟಿದರು. ಅವನ ಕಿವಿಯ ಹತ್ತಿರ ಬಾಗಿ ಮಂತ್ರ ಹೇಳಿದರು. ಚಪ್ಪರದಲ್ಲಿ ಹೊಳೆಯ ಸಪ್ಪಳ ಬಿಟ್ಟು ಬೇರೇನೂ ಇರಲಿಲ್ಲ.

ರುದ್ರಯ್ಯ ಚೀಲ ಹೆಗಲಿಗೇರಿಸಿದ.

"ಮಾತಂದ್ರ ಮಾತು. ನೀ ಇಲ್ಲೇ ಇರು ತಮ್ಮಾ. ನಾ ಹೊಂಟೆ."

"ಕಾರ್ತಿಕ ಅಂದ್ರ ಗುಡಿ ತುಂಬ ದೀಪ," ಎಂದರು ಅವ್ವ. "ಒಬ್ಬನೇ ಹ್ಯಾಂಗ ಮಾಡ್ತೀಯಪ್ಪ?"

"ಮಾಡ್ತೀನವ್ವಾ. ಎರಡು ಕೈ ಅದಾವಲ್ಲ."

ಅವನ ಬೆರಳುಗಳು ಬಿಸಿ ಎಣ್ಣೆ ಬಿದ್ದು ಬಿದ್ದು ಅಲ್ಲಲ್ಲಿ ಬಿರಿದಿದ್ದವು. ಅವ್ವ ಅವನ್ನು ನೋಡಿದರು. ಆಮೇಲೆ ಪಂಪಯ್ಯನ ಕಡೆ ತಿರುಗಿದರು.

"ನಿನ್ನ ಗಂಟು ಎಲ್ಲೈತಿ?"

ಪಂಪಯ್ಯನಿಗೆ ಮೊದಲು ತಿಳಿಯಲಿಲ್ಲ.

"ಮಣಿ ಆತಲ್ಲವ್ವಾ!"

"ಆತು. ಅದಕ್ಕ ಹೋಗು ಅನ್ನಾಕತ್ತೀನಿ. ಆಗಿರದಿದ್ದರ ಇಟ್ಕೋತಿದ್ದೆ."

ಗಾದಿಲಿಂಗ ಒಳಗೆ ಹೋಗಿ ಗಂಟು ತಂದುಕೊಟ್ಟ. ಜೊತೆಗೆ ನಾಲ್ಕು ಶೇಂಗಾದ ಉಂಡಿ.

ಹರಿಗೋಲಿನಲ್ಲಿ ಅಣ್ಣ ಆಗಲೇ ಕೂತಿದ್ದ. ಪಂಪಯ್ಯ ಒಂದು ಕಾಲು ಒಳಗಿಟ್ಟು ತಿರುಗಿದ.

"ಅವ್ವಾ, ಅಲ್ಲಿ ಜನ, ಗದ್ದಲ. ಎಣ್ಣಿ ತಾ, ಬತ್ತಿ ತಾ ಅಂತ ಬೆಳಗಿನಿಂದ ಬೈಗುಳ. ಜಪಕ್ಕ ಕೂಡಾಕ ಮೂಲಿ ಸಿಗಂಗಿಲ್ಲ. ಅಲ್ಲಿ ನನಗ ಉಸಿರು ಕಟ್ಟತೈತಿ."

ಅವ್ವ ಸೀರೆ ಒಂದಿಷ್ಟು ಎತ್ತಿ ಹಿಡಿದು ನೀರಿಗಿಳಿದರು. ಹರಿಗೋಲಿನ ಅಂಚಿಗೆ ಕೈಯಿಟ್ಟು ಮೆಲ್ಲಗೆ ಹೊಳೆಗೆ ತಳ್ಳಿದರು.

"ಕಟ್ಟಲಿ ತಮ್ಮಾ. ಬಣ್ಣ ಬಂದ ಮ್ಯಾಲ ಹೇಳಿ ಕಳಿಸು."

ಇದನ್ನು ಕೇಳಿದವರು, ದಯವಿಟ್ಟು, ನಮ್ಮತ್ತೆಯ ಹಾಗೆ ಕೈಯ ಕೆಲಸ ಬಿಡದೆ ಇನ್ನೊಬ್ಬರಿಗೆ ಹೇಳಿರಿ.